ಪಿಜಿಯಲ್ಲಿ ಒಬ್ಬರೇ ಇದ್ದಾಗ ಮನಸ್ಸು ನೋಡಿಕೊಳ್ಳುವುದು ಹೇಗೆ

ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಒಬ್ಬರೇ ಇರುವವರ ಮನಸ್ಸು ಕುಗ್ಗಲು ದೊಡ್ಡ ಆಘಾತವೇ ಆಗಬೇಕೆಂದಿಲ್ಲ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಸೋಮವಾರದ ತನಕ ಊಟ ತಂದುಕೊಡುವವರನ್ನು ಬಿಟ್ಟು ಇನ್ನೊಬ್ಬರ ಜೊತೆ ಮಾತಿಲ್ಲ. ಇಂಥ ನಾಲ್ಕಾರು ವಾರಾಂತ್ಯ ಕಳೆದರೆ ಸಾಕು. ಆಗ ಹೆಚ್ಚಿನವರು ‘ಮೂಡ್ ಸರಿಹೋಗಲಿ, ಆಮೇಲೆ ಹೊರಗೆ ಹೋದರಾಯಿತು’ ಎಂದು ಕಾಯುತ್ತಾರೆ. ಕಾದಷ್ಟೂ ಮೂಡ್ ಕೆಡುತ್ತದೆ. ಮೊದಲು ಎದ್ದು ಏನಾದರೂ ಮಾಡು, ಹುರುಪು ಹಿಂದಿನಿಂದ ಬರುತ್ತದೆ ಎಂಬ ತತ್ವದ ಮೇಲೆ ನಿಂತ ಚಿಕಿತ್ಸೆ 1970ರ ದಶಕದಿಂದಲೂ ಖಿನ್ನತೆಗೆ ಬಳಕೆಯಲ್ಲಿದೆ. ದಿನನಿತ್ಯದ ಬೇಸರಕ್ಕೂ ಅದೇ ದಾರಿ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದುಕೊಳ್ಳಿ ಅಷ್ಟೇ. ಎರಡು ಗಂಟೆಗೊಮ್ಮೆ ಏನು ಮಾಡುತ್ತಿದ್ದಿರಿ, ಯಾರ ಜೊತೆಗಿದ್ದಿರಿ, ಮನಸ್ಸಿಗೆ 10ಕ್ಕೆ ಎಷ್ಟು ಅಂಕ ಎಂದು ಒಂದು ಸಾಲು ಸಾಕು. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಪ್ರಯೋಜನವಿಲ್ಲ. ರಾತ್ರಿಯ ಬೇಸರ ಇಡೀ ದಿನಕ್ಕೆ ಅಂಟಿಕೊಂಡು ಎಲ್ಲಕ್ಕೂ ಮೂರೇ ಅಂಕ ಬೀಳುತ್ತದೆ. ವಾರದ ಕೊನೆಗೆ ಯಾವ ಹೊತ್ತು ಕುಸಿಯುತ್ತೀರಿ ಎಂಬುದು ಗೊತ್ತಾಗುತ್ತದೆ. ಭಾನುವಾರ ಮಧ್ಯಾಹ್ನದ ನಂತರ ಎಂದಾದರೆ, ಮೊದಲ ಬದಲಾವಣೆ ಅಲ್ಲೇ ಆಗಬೇಕು.

ನಿದ್ದೆಯ ವಿಷಯದಲ್ಲಿ ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಬಿಗಿಯಾಗಿ ಹಿಡಿಯಿರಿ, ರಜೆಯ ದಿನವೂ. ಎದ್ದ ಮೇಲೆ ಅರ್ಧ ಗಂಟೆ ಬಿಸಿಲಲ್ಲಿ ನಡೆಯಿರಿ. ಕುಡಿದ ಕಾಫಿಯ ಕೆಫೀನ್ ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ದೇಹದಲ್ಲೇ ಇರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ಮೇಲೆ ಬೇಡ. ಮದ್ಯ ನಿದ್ದೆ ಬರಿಸುತ್ತದೆ, ನಿಜ. ರಾತ್ರಿಯ ಎರಡನೇ ಭಾಗದಲ್ಲಿ ಅದನ್ನೇ ಒಡೆಯುತ್ತದೆ.

ಜನರ ಒಡನಾಟಕ್ಕೆ ಇದಕ್ಕಿಂತ ಹೆಚ್ಚು ಶ್ರಮ ಬೇಕು. ಸ್ನೇಹಕ್ಕೆ ತಗಲುವ ಸಮಯವನ್ನು ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜು ಮಾಡಿದ್ದಾರೆ: ಪರಿಚಯ ಸಾಧಾರಣ ಗೆಳೆತನವಾಗಲು ಜೊತೆಯಲ್ಲಿ ಕಳೆದ ಸುಮಾರು 50 ಗಂಟೆ, ಆಪ್ತತೆಗೆ 200 ಗಂಟೆಗೂ ಹೆಚ್ಚು. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆಗೆ ಆರು ತಿಂಗಳು. ಎರಡು ಸಲ ಹೋಗಿ ‘ಅಲ್ಲಿ ಯಾರೂ ಸೆಟ್ ಆಗಲಿಲ್ಲ’ ಎಂದು ಬಿಟ್ಟುಬಿಡುವವರು ಈ ಲೆಕ್ಕ ನೋಡಬೇಕು.

ಆದ್ದರಿಂದ ಪ್ರತಿವಾರ ಅದೇ ದಿನ, ಅದೇ ಹೊತ್ತು, ಅವೇ ಮುಖಗಳು ಸಿಗುವ ಜಾಗ ಆರಿಸಿ. ಮಾತಿಗಷ್ಟೇ ಸೇರುವ ಕೂಟಕ್ಕಿಂತ ಕೈಗೆ ಕೆಲಸವಿರುವ ಕಡೆ ಸಂಕೋಚದವರಿಗೆ ಸುಲಭ: ಶಟಲ್, ಭಜನೆ, ಹವ್ಯಾಸಿ ನಾಟಕ ತಂಡ. ಬಸವನಗುಡಿ ಕಡೆ ಇರುವವರಿಗೆ ಉಪನ್ಯಾಸದಂಥ ಕಾರ್ಯಕ್ರಮ ನಡೆಸುವ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ, ಎನ್.ಆರ್. ಕಾಲೊನಿಯ ಗೋಖಲೆ ಸಂಸ್ಥೆ ಇವೆ. ದೂರ ಮಾತ್ರ ನೋಡಿಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕಾದ ಹವ್ಯಾಸ ಮೂರನೇ ವಾರಕ್ಕೆ ನಿಲ್ಲುತ್ತದೆ.

ಹಳೆಯ ಸ್ನೇಹಿತರಿಗೆ ‘ಒಂದಿನ ಸಿಗೋಣ ಮಾರಾಯ’ ಎಂದರೆ ಯಾರೂ ಸಿಗುವುದಿಲ್ಲ. ‘ಶನಿವಾರ ಹತ್ತಕ್ಕೆ ದೋಸೆಗೆ ಬರ್ತೀಯಾ?’ ಎಂದು ಕೇಳಿ. ಮನೆಗೆ ಮಾಡುವ ಫೋನು ‘ಊಟ ಆಯ್ತಾ’ದಲ್ಲೇ ಮುಗಿಯುತ್ತಿದ್ದರೆ ಕರೆಗೊಂದು ವಿಷಯ ಇಟ್ಟುಕೊಳ್ಳಿ: ಅಮ್ಮನಿಂದ ಸಾರಿನ ಪುಡಿಯ ಅಳತೆ ಕೇಳಿ ಬರೆದುಕೊಳ್ಳುವುದು, ತೋಟದ ಬೋರ್‌ವೆಲ್ ಏನಾಯಿತೆಂದು ವಿಚಾರಿಸುವುದು. ಸ್ಟೇಟಸ್‌ಗೆ ಲೈಕ್ ಒತ್ತಿದ್ದನ್ನು ಭೇಟಿಯ ಲೆಕ್ಕಕ್ಕೆ ಸೇರಿಸಬೇಡಿ.

ಇದೆಲ್ಲಕ್ಕೂ ಒಂದು ಮಿತಿಯಿದೆ. ಎರಡು ವಾರ ದಿನದ ಬಹುಪಾಲು ಮನಸ್ಸು ಭಾರವಾಗಿಯೇ ಇದ್ದು, ಮೊದಲು ಇಷ್ಟವಾಗಿದ್ದವೂ ಬೇಡವಾಗಿ, ನಿದ್ದೆ, ಹಸಿವು ಏರುಪೇರಾಗಿದ್ದರೆ ಅದು ವೈದ್ಯರು ನೋಡಬೇಕಾದ ವಿಷಯ. ವಾಕಿಂಗಿನಿಂದ ಬಗೆಹರಿಯಲಿ ಎಂದು ಕೂರಬೇಡಿ. ಸಾಯುವ ಯೋಚನೆ ಬಂದರಂತೂ ಎರಡು ವಾರದ ಲೆಕ್ಕವೇ ಬೇಡ. ಹತ್ತಿರದ ಒಬ್ಬರನ್ನು ಕರೆಸಿಕೊಳ್ಳಿ, ಒಬ್ಬರೇ ಇರಬೇಡಿ, ಕೂಡಲೇ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯಿದು: ಉಚಿತ, ದಿನದ 24 ಗಂಟೆಯೂ ಇದೆ. ದೇಶದ ಯಾವ ಮೂಲೆಯಿಂದ ಕರೆ ಮಾಡಿದರೂ ಇದೇ ಸಂಖ್ಯೆ, ಆಯ್ಕೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರ ಕಡೆ ಕಳಿಸುತ್ತಾರೆ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿ, ಸ್ನೇಹಿತರಿಗೂ ಕಳಿಸಿ.