ಕಿಯಾಕ್ಕಿಯೆರೆಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ: ಕೊನೆಗೆ ಸರಿಯಾದ ಕ್ರಮ

ಇಟಲಿಯಲ್ಲಿ ಕಾರ್ನಿವಲ್ ಹಬ್ಬಕ್ಕೆ ಕರಿಯುವ ತೆಳು ಸಿಹಿ ಇದು. ರೋಮ್‌ನಲ್ಲಿ ಫ್ರಾಪ್ಪೆ, ಟಸ್ಕನಿಯಲ್ಲಿ ಚೆಂಚಿ ಅಂತಾರೆ. ನನ್ನ ತೊಂದರೆ ಏನಂದ್ರೆ, ಮೇಲೆ ಗುಳ್ಳೆಯೇ ಬರುತ್ತಿರಲಿಲ್ಲ. ಚಪ್ಪಟೆಯಾಗಿ ಉಳಿದು, ತಣ್ಣಗಾದ ಮೇಲೆ ನಾರಿನಂತೆ ಎಳೆಯುತ್ತಿತ್ತು.

ಬೇಕಿಂಗ್ ಪೌಡರ್ ಜಾಸ್ತಿ ಹಾಕಿದೆ, ರುಚಿ ಕೆಟ್ಟಿತು ಅಷ್ಟೇ. ಬೆಣ್ಣೆ ಹೆಚ್ಚಿಸಿದರೆ ಎಣ್ಣೆ ಕುಡಿಯಿತು. ಎಣ್ಣೆಯನ್ನು 190 ಡಿಗ್ರಿಗೆ ಕಾಯಿಸಿದರೆ ಅಂಚು ಕಂದಿ ನಡುಭಾಗ ಮೆತ್ತಗೇ ಉಳಿಯಿತು.

ಹಿಟ್ಟಿನ ಅಳತೆ: ಮೈದಾ 250 ಗ್ರಾಂ, ಮೊಟ್ಟೆ 2, ಬೆಣ್ಣೆ 30 ಗ್ರಾಂ, ಸಕ್ಕರೆ 30 ಗ್ರಾಂ, ಗ್ರಾಪ್ಪಾ (ದ್ರಾಕ್ಷಿಯಿಂದ ಮಾಡುವ ಇಟಲಿಯ ಮದ್ಯ) ಅಥವಾ ಬಿಳಿ ವೈನ್ 2 ಚಮಚ, ಚಿಟಿಕೆ ಉಪ್ಪು, ನಿಂಬೆ ಸಿಪ್ಪೆಯ ತುರಿ. ಗಟ್ಟಿಯಾಗಿ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಿ.

ಗೆಲುವು ಸಿಕ್ಕಿದ್ದು ಲಟ್ಟಿಸುವುದರಲ್ಲಿ. ಪಾಸ್ತಾ ಮಷೀನಿನ (ಎರಡು ರೋಲರ್‌ಗಳ ನಡುವೆ ಹಿಟ್ಟು ಲಟ್ಟಿಸುವ ಯಂತ್ರ) ಅತಿ ಅಗಲದ ಸೆಟ್ಟಿಂಗ್‌ನಲ್ಲಿ ಒಂದು ತುಂಡು ಹಿಟ್ಟನ್ನು ಹಾಯಿಸಿ. ಮೂರು ಮಡಿಕೆ ಮಾಡಿ, ಮತ್ತೆ ಹಾಯಿಸಿ. ಹೀಗೆ ಆರೇಳು ಸಲ. ಮೊದಲು ಒರಟಾಗಿ ಹರಿದುಹೋಗುತ್ತದೆ, ಆಮೇಲೆ ರೇಷ್ಮೆಯಂತೆ ನುಣುಪಾಗುತ್ತದೆ. ಆಗ ಮಾತ್ರ ಒಂದೊಂದೇ ಹಂತ ಇಳಿಸುತ್ತಾ 1 ಮಿಲಿಮೀಟರ್‌ಗೆ ತನ್ನಿ. ಹಂತ ಹಾರಿಸಬೇಡಿ. ಉಳಿದ ಹಿಟ್ಟು ಒಣಗದಂತೆ ಮುಚ್ಚಿಡಿ, ಇದು ಬಹಳ ಮುಖ್ಯ.

ಆಯತಾಕಾರದ ಪಟ್ಟಿಗಳಾಗಿ ಕತ್ತರಿಸಿ, ನಡುವೆ ಎರಡು ಗೀರು ಹಾಕಿ. ಎಣ್ಣೆ 170ರಿಂದ 175 ಡಿಗ್ರಿ, ಥರ್ಮಾಮೀಟರ್ ಇಟ್ಟೇ ನೋಡಿ. ಒಮ್ಮೆಗೆ ಎರಡು ಮೂರು ಮಾತ್ರ. ಬಿಟ್ಟ ಕೂಡಲೇ ಗುಳ್ಳೆ ಉಬ್ಬುತ್ತವೆ. ತಿಳಿ ಹೊನ್ನಿನ ಬಣ್ಣ ಬಂದಾಗ ತಿರುವಿ, ತೆಗೆಯಿರಿ. ಪುಡಿ ಸಕ್ಕರೆಯನ್ನು ಪೂರ್ತಿ ತಣ್ಣಗಾದ ಮೇಲೆ ಉದುರಿಸಿ. ಬಿಸಿಯಲ್ಲಿ ಹಾಕಿದರೆ ಕರಗಿ ಅಂಟಾಗುತ್ತದೆ.