ಮಹಡಿಯ ಟಿವಿಗೆ ಮಹಡಿಯದೇ ವೈಫೈ

ಮಹಡಿಗೆಂದೇ ಎರಡನೇ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಕೂರಿಸಿದ ಮೇಲೂ ನಮ್ಮ ಟಿವಿಯಲ್ಲಿ ಬಫರಿಂಗ್ ಚಕ್ರ ನಿಲ್ಲಲಿಲ್ಲ. ರೂಟರ್‌ನ ಆ್ಯಪ್ ತೆರೆದು ನೋಡಿದರೆ, ಟಿವಿ ಇನ್ನೂ ಕೆಳಗಿನ ಹಾಲ್‌ನ ರೂಟರ್‌ಗೇ ಜೋತುಬಿದ್ದಿದೆ, ಸಿಗ್ನಲ್ ಮೈನಸ್ 78 ಡಿಬಿಎಂ, ಅಂದರೆ ತೀರಾ ದುರ್ಬಲ. ಎರಡು ಮಾರು ದೂರದಲ್ಲಿ ಹೊಸದು ಖಾಲಿ ಕೂತಿತ್ತು.

ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಸಾಮಾನ್ಯವಾಗಿ ಸಾಧನವೇ, ರೂಟರ್ ಅಲ್ಲ. ಒಮ್ಮೆ ಹಿಡಿದದ್ದನ್ನು ಟಿವಿ, ಪ್ರಿಂಟರ್‌ಗಳು ಸುಲಭಕ್ಕೆ ಬಿಡುವುದಿಲ್ಲ. ನಷ್ಟ ಅವಕ್ಕಷ್ಟೇ ಅಲ್ಲ. ವೈಫೈನ ಒಂದು ಚಾನೆಲ್‌ನಲ್ಲಿ, ಅಂದರೆ ಒಂದೇ ರೇಡಿಯೊ ಹಾದಿಯಲ್ಲಿ, ಇರುವ ಸಾಧನಗಳೆಲ್ಲ ಸರದಿಯ ಮೇಲೆ ಮಾತಾಡಬೇಕು. ಸಿಗ್ನಲ್ ಕ್ಷೀಣಿಸಿದ ಸಾಧನ ಅಷ್ಟೇ ಮಾತನ್ನು ನಿಧಾನವಾಗಿ ಆಡಿ ಹೊತ್ತು ತಿನ್ನುತ್ತದೆ. ಮೇಲೆ ಟಿವಿ ಹಾಕಿದಾಗ ಕೆಳಗೆ ಅಮ್ಮನ ವಿಡಿಯೊ ಕಾಲ್ ತುಂಡಾಗುತ್ತಿದ್ದದ್ದು ಇದರಿಂದಲೇ.

ಮೊದಲು ಆ್ಯಪ್‌ನ ಸಾಧನಗಳ ಪಟ್ಟಿ ನೋಡಿ, ಯಾವುದು ಎಲ್ಲಿಗೆ ಸೇರಿದೆ, ಸಿಗ್ನಲ್ ಎಷ್ಟು ಎಂದು ಬರೆದುಕೊಳ್ಳಿ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ವಿಡಿಯೊಗೆ ಮೈನಸ್ 67ಕ್ಕಿಂತ ಕೆಳಗಿಳಿಯದಿದ್ದರೆ ಸಾಕು.

ಆಮೇಲೆ ಜಾಗ ಬಿಟ್ಟು ಕದಲದವನ್ನು ಮಾತ್ರ ಹತ್ತಿರದ ಆಕ್ಸೆಸ್ ಪಾಯಿಂಟ್‌ಗೆ ಕಟ್ಟಿಹಾಕಿ: ಟಿವಿ, ಡೆಸ್ಕ್‌ಟಾಪ್, ಪ್ರಿಂಟರ್. ನಿಮ್ಮದು ಟಿಪಿ-ಲಿಂಕ್‌ನ ಡೆಕೊ ವೈಫೈ ಆದರೆ, ಅದರ ಆ್ಯಪ್‌ನಲ್ಲಿ ಸಾಧನದ ಹೆಸರು ಒತ್ತಿದರೆ ‘ಕನೆಕ್ಷನ್ ಪ್ರಿಫರೆನ್ಸ್’ ಸಿಗುತ್ತದೆ. ಒಮಾಡಾ, ಯೂನಿಫೈ ಬ್ರಾಂಡ್‌ಗಳ ವೈಫೈಗಳಲ್ಲಿ ಆಕ್ಸೆಸ್ ಪಾಯಿಂಟ್‌ಗೆ ಲಾಕ್ ಮಾಡುವ ಆಯ್ಕೆ ಇದೆ. ಬಳಿಕ ಸಾಧನವನ್ನು ಆಫ್ ಮಾಡಿ ಆನ್ ಮಾಡಿ. ನಮ್ಮ ಟಿವಿ ಹಾಗೆ ಮಾಡಿದ ಕೂಡಲೇ ಮೈನಸ್ 51ಕ್ಕೆ ಬಂತು.

ಫೋನನ್ನು ಮಾತ್ರ ದಯವಿಟ್ಟು ಲಾಕ್ ಮಾಡಬೇಡಿ. ಅದು ನಿಮ್ಮೊಂದಿಗೆ ಮೆಟ್ಟಿಲು ಹತ್ತಿ ಇಳಿಯುವಂಥದ್ದು. ಅದು ತಾನಾಗಿ ಬದಲಾಗದಿದ್ದರೆ ಆಕ್ಸೆಸ್ ಪಾಯಿಂಟ್‌ಗಳ ಟ್ರಾನ್ಸ್‌ಮಿಟ್ ಪವರ್ (ಸಿಗ್ನಲ್ ಕಳಿಸುವ ಶಕ್ತಿ) ಅನ್ನು ‘ಹೈ’ನಿಂದ ‘ಮೀಡಿಯಂ’ಗೆ ಇಳಿಸಿ. ಕೆಳಗಿನ ಸಿಗ್ನಲ್ ಮಹಡಿಯಲ್ಲಿ ಕುಗ್ಗಿದರೆ ಫೋನ್ ತಾನೇ ಹೊಸದನ್ನು ಹುಡುಕುತ್ತದೆ. 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ನಲ್ಲಿ ಒಂದು ಆಕ್ಸೆಸ್ ಪಾಯಿಂಟ್‌ಗೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಟ್ಟರೆ ಒಂದರ ಗದ್ದಲ ಇನ್ನೊಂದಕ್ಕೆ ತಟ್ಟುವುದಿಲ್ಲ.

ಲಾಕ್ ಆದ ಸಾಧನ, ಆ ಆಕ್ಸೆಸ್ ಪಾಯಿಂಟ್ ನಿಂತುಹೋದರೆ ಪಕ್ಕದ್ದಕ್ಕೆ ಹೋಗಲಾರದೆ ಸಂಪರ್ಕ ಕಳೆದುಕೊಳ್ಳಬಹುದು. ಸಿಸಿಟಿವಿ ಕ್ಯಾಮೆರಾವನ್ನು ಹೀಗೆ ಲಾಕ್ ಮಾಡುವುದಿದ್ದರೆ ಆ ಆಕ್ಸೆಸ್ ಪಾಯಿಂಟ್‌ಗೆ ಯುಪಿಎಸ್ ಇರಲಿ.

ನಿಮ್ಮದು ಹಳೆಯ ರೂಟರ್, ಲಾಕ್ ಆಯ್ಕೆಯೇ ಇಲ್ಲವೇ? ಮಹಡಿಯದಕ್ಕೆ ಬೇರೆ ವೈಫೈ ಹೆಸರಿಡಿ, ಟಿವಿಯನ್ನು ಅದಕ್ಕೆ ಸೇರಿಸಿ, ಕೆಳಗಿನ ಹೆಸರನ್ನು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಫರ್ಗೆಟ್’ ಮಾಡಿ.