ರಿಜಿಸ್ಟರಿನಿಂದ ಆನ್‌ಲೈನ್ ಕ್ಯಾಟಲಾಗಿಗೆ: ಕಪಾಟಿನಲ್ಲಿರುವ ಪುಸ್ತಕ ಪರದೆಯಲ್ಲಿ ಕಳೆಯದಿರಲು

ಓದುಗರೊಬ್ಬರು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದರು, ‘ಇಲ್ಲ’ ಎಂಬ ಉತ್ತರ ಕಂಡು ಹೊರಟುಹೋದರು. ಪುಸ್ತಕ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಶೀರ್ಷಿಕೆ ಟೈಪು ಮಾಡಿದವರು ‘ಸಂಪುಟ’ ಎಂದು ಬರೆಯುವಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ ‘ಸ೦ಪುಟ’ ಮಾಡಿದ್ದರು. ನಮ್ಮ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ.

ಇಂಥವನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಪುಸ್ತಕ) ಬರೆದ ಸಿಬ್ಬಂದಿ ಹೊಸ ಸಾಫ್ಟ್‌ವೇರಿಗೆ ಹೆದರುತ್ತಾರೆ. ಹೆದರಬೇಕಾದದ್ದು ಅದಕ್ಕಲ್ಲ, ಅದರೊಳಗೆ ನಾವು ಸುರಿಯುವ ಪಟ್ಟಿಗೆ.

ಮೊದಲು ಸಾಫ್ಟ್‌ವೇರಿನ ಮಾತು ಮುಗಿಸಿಬಿಡೋಣ. ನನ್ನ ಆಯ್ಕೆ ಕೋಹಾ. 2000ನೇ ಇಸವಿ ಹುಟ್ಟಿದೊಡನೆ ಹಳೆಯ ವ್ಯವಸ್ಥೆ ಕೈಕೊಡುತ್ತದೆ ಎಂಬ ಆತಂಕದಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದು 1999ರಲ್ಲಿ ಬರೆಸಿಕೊಂಡ ಮುಕ್ತ ತಂತ್ರಾಂಶ ಇದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ಬೇರೆ ಯಾವುದನ್ನಾದರೂ ತೋರಿಸಲು ಮಾರಾಟಗಾರರು ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: ‘ನನ್ನ ದಾಖಲೆಗಳನ್ನೆಲ್ಲ ಮಾರ್ಕ್ 21 ರೂಪದಲ್ಲಿ ನಾನೇ ಹೊರತೆಗೆಯಬಹುದೇ?’ ಮಾರ್ಕ್ 21 ಎಂದರೆ ಗ್ರಂಥಾಲಯಗಳು ದಾಖಲೆ ಹಂಚಿಕೊಳ್ಳಲು ಬಳಸುವ ಸಾಮಾನ್ಯ ರೂಪ. ಉತ್ತರ ತಡವರಿಸಿದರೆ ಬಾಗಿಲು ತೋರಿಸಿ. ಒಳಗೆ ಹೋದ ದಾಖಲೆ ಹೊರಬಾರದಿದ್ದರೆ ಅದು ಕ್ಯಾಟಲಾಗ್ ಅಲ್ಲ, ಬಾವಿ.

ಹಂತ 1: ಹಾಳೆ ಸಿದ್ಧಪಡಿಸಿ

ಸ್ಪ್ರೆಡ್‌ಶೀಟಿನಲ್ಲಿ ಒಂದು ಪುಸ್ತಕಕ್ಕೆ ಒಂದು ಸಾಲು. ಅಕ್ಸೆಷನ್ ಸಂಖ್ಯೆ, ಐಎಸ್‌ಬಿಎನ್ (ಪ್ರಕಟವಾದ ಪುಸ್ತಕಕ್ಕೆ ಕೊಡುವ ಗುರುತು ಸಂಖ್ಯೆ), ಶೀರ್ಷಿಕೆ, ಲೇಖಕರು, ಪ್ರಕಾಶಕರು, ಊರು, ವರ್ಷ, ಪುಟ, ಕರೆ ಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಪ್ರತ್ಯೇಕ ಕಾಲಂಗಳಲ್ಲಿರಲಿ. ಚೆಂದಕ್ಕೆಂದು ಕೋಶಗಳನ್ನು ಸೇರಿಸಬೇಡಿ, ಬಣ್ಣ ಬಳಿಯಬೇಡಿ.

ಹಂತ 2: ಐಎಸ್‌ಬಿಎನ್ ಕಾಲಂ

ಒಂದೂ ಅಂಕಿ ಟೈಪಿಸುವ ಮೊದಲೇ ಈ ಕಾಲಮನ್ನು ‘ಟೆಕ್ಸ್ಟ್’ ಎಂದು ಗುರುತು ಮಾಡಿ. ಮರೆತರೆ ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಹತ್ತಂಕಿಯ ಹಳೆಯ ಐಎಸ್‌ಬಿಎನ್ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆ ಹಾರಿಹೋಗುತ್ತದೆ. 2007ರಿಂದ ಬಳಕೆಗೆ ಬಂದ ಹದಿಮೂರಂಕಿಯದ್ದಾದರೆ 9.78ರ ಮುಂದೆ ‘ಇ’ ಅಕ್ಷರ, +12 ಎಂದು ಮುದುರಿಕೊಳ್ಳುತ್ತದೆ. ಹಾಗೆಯೇ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿಡುವ ಸರಳ ಪಠ್ಯದ ಕಡತವಾದ ಸಿಎಸ್‌ವಿಯಾಗಿ ಉಳಿಸಿದಿರೋ, ಉಳಿದ ಅಂಕಿಗಳು ಆ ಕಡತದಲ್ಲಿ ಇರುವುದೇ ಇಲ್ಲ. ಮತ್ತೆ ಕಪಾಟಿಗೇ ಹೋಗಬೇಕು.

ಇನ್ನೂ ಒಂದು ಮೋಸವಿದೆ. ಎಲ್ಲ ಸರಿಯಾಗಿ ಮಾಡಿದ ಸಿಎಸ್‌ವಿಯನ್ನು ‘ಒಮ್ಮೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ಅದು ಕೇಳಿತೆಂದು ಉಳಿಸುತ್ತೀರಿ. ಅಲ್ಲಿಗೆ ಕಥೆ ಮುಗಿಯಿತು. ಆದ್ದರಿಂದ ಕೆಲಸದುದ್ದಕ್ಕೂ ಸ್ಪ್ರೆಡ್‌ಶೀಟಿನ ಸ್ವಂತ ರೂಪದಲ್ಲೇ ಉಳಿಸಿ, ಸಿಎಸ್‌ವಿ ಕೊನೆಯ ಗಳಿಗೆಯಲ್ಲಿ ಮಾಡಿ, ಅದನ್ನು ನೋಟ್‌ಪ್ಯಾಡಿನಲ್ಲಷ್ಟೇ ನೋಡಿ. ಉಳಿಸುವಾಗ ‘ಯುಟಿಎಫ್-8’ ಎಂಬ ಅಕ್ಷರ ಸಂಕೇತದ ಆಯ್ಕೆ ಇರಲೇಬೇಕು. ಇಲ್ಲವಾದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಾಲುಗಟ್ಟುತ್ತವೆ. ನಾನು ಲಿಬ್ರೆ ಆಫೀಸಿನ ಕ್ಯಾಲ್ಕ್ ಬಳಸುವುದು ಇದೇ ಕಾರಣಕ್ಕೆ: ಸಿಎಸ್‌ವಿ ತೆರೆಯುವಾಗ ಯಾವ ಅಕ್ಷರ ಸಂಕೇತ, ಯಾವ ಕಾಲಂ ಟೆಕ್ಸ್ಟ್ ಎಂದು ಮೊದಲೇ ಕೇಳುತ್ತದೆ.

ಹಂತ 3: ಅಕ್ಷರ ಶುದ್ಧಿ

ಎಲ್ಲರೂ ಎಡವುವುದು ಇಲ್ಲಿ. ಅವಸರವಿದ್ದರೆ ಬೇರೆ ಯಾವ ಹಂತದಲ್ಲಾದರೂ ಅವಸರ ಮಾಡಿ.

ನಿಮ್ಮಲ್ಲಿ ಈಗಾಗಲೇ ಹಳೆಯ ಪಟ್ಟಿ ಇದ್ದು, ಫಾಂಟ್ ಬದಲಿಸಿದ ಕೂಡಲೇ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ. ಆದರೆ ಅದನ್ನು ಪೂರ್ತಿ ನಂಬಬೇಡಿ. ಅರ್ಕಾವೊತ್ತು, ಒತ್ತಕ್ಷರಗಳಿರುವ ಪದಗಳನ್ನು ಒಂದೊಂದಾಗಿ ಕಣ್ಣಾಡಿಸಿ.

ಆಮೇಲೆ ಸೊನ್ನೆಯ ಬೇಟೆ. ಮೊದಲು ವರ್ಷ, ಪುಟದ ಕಾಲಂಗಳಲ್ಲಿ ಕನ್ನಡ ಅಂಕಿಗಳಿದ್ದರೆ ಅವನ್ನು 0, 1, 2 ಎಂಬ ಅಂಕಿಗಳಿಗೆ ಬದಲಿಸಿ. ನಂತರ ಶೀರ್ಷಿಕೆ, ಲೇಖಕರ ಕಾಲಂಗಳಲ್ಲಿ ಮಾತ್ರ ಕನ್ನಡದ ಸೊನ್ನೆಯನ್ನು ಹುಡುಕಿ, ಅನುಸ್ವಾರಕ್ಕೆ ಬದಲಿಸಿ. ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತಬೇಡಿ! ಶೀರ್ಷಿಕೆಯಲ್ಲೇ ‘೧೦೦ ಕಥೆಗಳು’ ಎಂದಿದ್ದರೆ ನೂರರ ಸೊನ್ನೆಗಳೂ ಅನುಸ್ವಾರವಾಗುತ್ತವೆ. ಒಂದೊಂದೇ ನೋಡಿ ಬದಲಿಸಿ, ಕೈ ನೋಯಲಿ.

ಕೊನೆಯದು ಕಣ್ಣಿಗೇ ಕಾಣದ ಶತ್ರು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರದ ಕೆಳಗೆ ವಕಾರ ಒತ್ತಾಗದಂತೆ ತಡೆಯಲು ಅಗಲವೇ ಇಲ್ಲದ ಒಂದು ಅಕ್ಷರ ನಡುವೆ ಕೂತಿರುತ್ತದೆ. ಅದರ ಯೂನಿಕೋಡ್ ಸಂಖ್ಯೆ 8204. ಅದರ ತಮ್ಮ 8205. ಇವು ಒಂದು ಸಾಲಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಒಂದೇ ಹೆಸರು ಎರಡಾಗಿ ಎಣಿಕೆಯಾಗುತ್ತದೆ. ಶೀರ್ಷಿಕೆಯಿಂದ ಇವನ್ನು ಕಿತ್ತರೆ ಪದದ ರೂಪವೇ ಕೆಡುತ್ತದೆ. ಹಾಗಾಗಿ ಪಕ್ಕದಲ್ಲಿ ಬೇರೆ ಕಾಲಂ ಮಾಡಿ, ಅಲ್ಲಿ ಮಾತ್ರ ಸಬ್‌ಸ್ಟಿಟ್ಯೂಟ್ ಸೂತ್ರದಿಂದ ಎರಡನ್ನೂ ತೆಗೆದು, ಆ ಕಾಲಮನ್ನು ಅಕಾರಾದಿಯಾಗಿ ಜೋಡಿಸಿ. ಅವಳಿಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಯಾವ ರೂಪ ಸರಿ ಎಂದು ನೀವು ತೀರ್ಮಾನಿಸಿ, ಮೂಲ ಕಾಲಂ ತಿದ್ದಿ.

ಹಂತ 4: ಲೇಖಕರ ಹೆಸರು

ಕುವೆಂಪು, ಕೆ.ವಿ. ಪುಟ್ಟಪ್ಪ, ಡಾ. ಕೆ. ವಿ. ಪುಟ್ಟಪ್ಪ, ಪುಟ್ಟಪ್ಪ ಕೆ ವಿ: ನಾಲ್ಕು ಹೆಸರು, ಒಬ್ಬರೇ ವ್ಯಕ್ತಿ. ಒಂದು ರೂಪ ಹಿಡಿದು ಅದಕ್ಕೇ ಅಂಟಿಕೊಳ್ಳಿ. ಡಾ., ಪ್ರೊ., ಶ್ರೀ ಎಲ್ಲವನ್ನೂ ತೆಗೆಯಿರಿ, ಯಾರಿಗೂ ಅವಮಾನವಾಗುವುದಿಲ್ಲ. ಬೇರೆ ರೂಪಗಳನ್ನು ಕೋಹಾದ ಅಥಾರಿಟಿ ದಾಖಲೆಯಲ್ಲಿ (ಒಬ್ಬ ಲೇಖಕರ ಎಲ್ಲ ಹೆಸರುಗಳನ್ನು ಜೋಡಿಸಿಡುವ ದಾಖಲೆ) ಸೇರಿಸಿದರೆ ಯಾವ ಹೆಸರಿನಿಂದ ಬಂದವರಿಗೂ ದಾರಿ ಸಿಗುತ್ತದೆ. ಹೆಸರುಗಳು ಸಾವಿರಗಟ್ಟಲೆ ಇದ್ದರೆ ಓಪನ್‌ರಿಫೈನ್ ಎಂಬ ಉಚಿತ ಸಾಧನ ಹೋಲುವ ಹೆಸರುಗಳನ್ನು ಗುಂಪು ಮಾಡಿಕೊಡುತ್ತದೆ. ಆದರೆ ಕುವೆಂಪು ಮತ್ತು ಪುಟ್ಟಪ್ಪ ಒಬ್ಬರೇ ಎಂಬುದು ಅದಕ್ಕೆ ತಿಳಿಯದು. ಅದು ತಿಳಿದಿರುವುದು ರಿಜಿಸ್ಟರ್ ಬರೆದವರಿಗೆ. ಯಂತ್ರದ ಮುಂದೆ ಅವರನ್ನು ಕೂರಿಸದೆ ಬರೀ ಕಂಪ್ಯೂಟರ್ ಬಲ್ಲ ಹುಡುಗರಿಂದ ಈ ಕೆಲಸ ಮಾಡಿಸುವುದು ತಪ್ಪು.

ಹಂತ 5: ಮಾರ್ಕ್‌ಗೆ ಪರಿವರ್ತನೆ

ಮಾರ್ಕ್ಎಡಿಟ್ ಎಂಬ ಉಚಿತ ಸಾಧನಕ್ಕೆ ಹಾಳೆ ಕೊಟ್ಟು ಯಾವ ಕಾಲಂ ಮಾರ್ಕ್‌ನ ಯಾವ ಅಂಕಿಯ ಕ್ಷೇತ್ರಕ್ಕೆ ಎಂದು ಹೇಳಿ: ಐಎಸ್‌ಬಿಎನ್ 020ಕ್ಕೆ, ಲೇಖಕರು 100ಕ್ಕೆ, ಶೀರ್ಷಿಕೆ 245ಕ್ಕೆ, ಪ್ರಕಟಣೆಯ ವಿವರ 260ಕ್ಕೆ, ಪ್ರತಿಯ ವಿವರ ಕೋಹಾದ 952ಕ್ಕೆ. ಈ 952ರಲ್ಲಿ ಗ್ರಂಥಾಲಯದ ಹೆಸರಲ್ಲ, ಕೋಹಾದಲ್ಲಿ ನೀವು ಕೊಟ್ಟಿರುವ ಶಾಖೆಯ ಕೋಡನ್ನೇ ಬರೆಯಬೇಕು. ಬಾರ್‌ಕೋಡ್ ಎರಡು ಪ್ರತಿಗಳಿಗೆ ಒಂದೇ ಇರುವಂತಿಲ್ಲ. ಅಕ್ಸೆಷನ್ ಸಂಖ್ಯೆಯನ್ನೇ ಬಾರ್‌ಕೋಡ್ ಮಾಡಿದರೆ, ರಿಜಿಸ್ಟರಿನಲ್ಲಿ ಎಂದೋ ಎರಡು ಸಲ ಬರೆದ ಅಕ್ಸೆಷನ್ ಸಂಖ್ಯೆ ಇಲ್ಲಿ ಸಿಕ್ಕಿಬೀಳುತ್ತದೆ.

ಇಂಗ್ಲಿಷ್ ಪುಸ್ತಕಗಳಿಗೆ ಇಷ್ಟು ಬೆವರು ಸುರಿಸಬೇಡಿ. ಐಎಸ್‌ಬಿಎನ್ ಇದ್ದರೆ ಬೇರೆ ಗ್ರಂಥಾಲಯಗಳ ಕ್ಯಾಟಲಾಗನ್ನೇ ನೋಡುವ ಕೋಹಾದ ಜಡ್39.50 ಹುಡುಕಾಟದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಿದ್ಧ ದಾಖಲೆಯನ್ನೇ ಇಳಿಸಿಕೊಳ್ಳಬಹುದು. ಕನ್ನಡದವು ಸಿಕ್ಕರೂ ಅನೇಕ ಸಲ ರೋಮನ್ ಲಿಪಿಯಲ್ಲಿರುತ್ತವೆ, ಆ ಅಡ್ಡದಾರಿ ಇಲ್ಲಿ ಫಲಿಸದು.

ಹಂತ 6: ಏರಿಸುವುದು

ಐದು ಸಾವಿರ ಸಾಲುಗಳನ್ನು ಒಟ್ಟಿಗೆ ಏರಿಸುವ ಉತ್ಸಾಹ ಬೇಡ. ಮೊದಲು ಐವತ್ತು. ಕೋಹಾ ಕಡತವನ್ನು ಮೊದಲು ತಾತ್ಕಾಲಿಕವಾಗಿ ಇರಿಸಿಕೊಂಡು ತೋರಿಸುತ್ತದೆ, ನೀವು ಒಪ್ಪಿದ ಮೇಲಷ್ಟೇ ಕ್ಯಾಟಲಾಗಿಗೆ ಸೇರಿಸುತ್ತದೆ. ಸೇರಿಸಿದ ಗುಂಪನ್ನು ಹಿಂದೆಗೆದುಕೊಳ್ಳುವ ಗುಂಡಿಯೂ ಇದೆ, ಆದರೆ ಆ ಪುಸ್ತಕಗಳನ್ನು ಯಾರಿಗಾದರೂ ಎರವಲು ಕೊಡುವ ಮೊದಲೇ ಅದನ್ನು ಬಳಸಿ.

ಈಗ ಆ ಐವತ್ತರಲ್ಲಿ ಹತ್ತು ಪುಸ್ತಕಗಳನ್ನು ಕಪಾಟಿನಿಂದ ತೆಗೆದು, ಟೈಪು ಮಾಡದ ಸಹೋದ್ಯೋಗಿಯ ಮುಂದಿಡಿ. ಅವರು ತಮ್ಮ ರೂಢಿಯ ಕೀಲಿಮಣೆಯಲ್ಲಿ, ತಮ್ಮ ಕಾಗುಣಿತದಲ್ಲಿ ಹುಡುಕಲಿ. ಸಿಗದೆ ಹೋದದ್ದನ್ನು ಕೋಹಾದೊಳಗೆ ತಿದ್ದಬೇಡಿ. ಗುಂಪನ್ನು ಹಿಂದೆಗೆದು, ಹಾಳೆಯಲ್ಲಿ ತಿದ್ದಿ, ಅದೇ ತಪ್ಪು ಉಳಿದ ಸಾಲುಗಳಲ್ಲೂ ಇದೆಯೇ ನೋಡಿ, ಮತ್ತೆ ಏರಿಸಿ. ಹತ್ತೂ ಸಿಕ್ಕ ದಿನ ಮುಂದಿನ ಐನೂರಕ್ಕೆ ಕೈಹಾಕಿ.